ಬದರಿಗೆ ಮುನ್ನ ಜೋಶಿಮಠದಲ್ಲಿ ಎರಡು ರಾತ್ರಿ: ಹಂತ ಹಂತದ ಮಾರ್ಗದರ್ಶಿ

ಬದರಿನಾಥ ಯಾತ್ರೆಯ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಒಟ್ಟು ಎಷ್ಟು ದಿನ ಬೇಕು? ಜೋಶಿಮಠ ಕುಸಿಯುತ್ತಿದೆಯಂತೆ, ಅಲ್ಲಿ ಉಳಿಯಬಹುದೇ? ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯಬಹುದೇ? ಮೂರಕ್ಕೂ ಉತ್ತರ ನೀವು ಜೋಶಿಮಠವನ್ನು ಹೇಗೆ ಬಳಸಿಕೊಳ್ಳುತ್ತೀರಿ ಎಂಬುದರಲ್ಲೇ ಇದೆ.

ಉತ್ತರಾಖಂಡದ ಚಮೋಲಿ ಜಿಲ್ಲೆಯ ಈ ಊರು ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಬದರಿನಾಥ ಇರುವುದು ಸುಮಾರು 3,100 ಮೀಟರ್ ಎತ್ತರದಲ್ಲಿ. ನಡುವಿನ ರಸ್ತೆ ಬರೀ 45 ಕಿಲೋಮೀಟರ್. ಎರಡು ಮೂರು ಗಂಟೆಯಲ್ಲಿ 1,200 ಮೀಟರ್ ಮೇಲೇರಿದರೆ ದೇಹಕ್ಕೆ ಕಷ್ಟವಾಗುತ್ತದೆ. ಹೆಚ್ಚಿನ ಪ್ಯಾಕೇಜ್ ಟೂರ್‌ಗಳು ಜೋಶಿಮಠಕ್ಕೆ ರಾತ್ರಿ ತಲುಪಿಸಿ, ನಸುಕಿಗೆ ಎಬ್ಬಿಸಿ ಮೇಲಕ್ಕೆ ಕರೆದೊಯ್ಯುತ್ತವೆ. ಬದರಿಯಲ್ಲಿ ತಲೆನೋವು, ವಾಂತಿ ಎಂದು ಮಲಗುವವರಲ್ಲಿ ಹೀಗೆ ಬಂದವರೇ ಹೆಚ್ಚು. ಆದ್ದರಿಂದ ಈ ಲೇಖನದ ಮುಖ್ಯ ಸಲಹೆ ಇಷ್ಟು: ಹೋಗುವಾಗ ಜೋಶಿಮಠದಲ್ಲಿ ಎರಡು ರಾತ್ರಿ ಉಳಿಯಿರಿ, ಬರುವಾಗ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

1. ತಿಂಗಳು ಗೊತ್ತುಮಾಡಿ

ಬದರಿನಾಥದ ಬಾಗಿಲು ವರ್ಷವಿಡೀ ತೆರೆದಿರುವುದಿಲ್ಲ. ಇಲ್ಲಿನವರು 'ಕಪಾಟ್ ಖುಲ್‌ನಾ' ಎನ್ನುವುದು ದೇಗುಲದ ಬಾಗಿಲು ತೆರೆಯುವುದಕ್ಕೆ. ಆ ದಿನವನ್ನು ವಸಂತ ಪಂಚಮಿಯಂದು ನರೇಂದ್ರನಗರದ ಅರಮನೆಯಲ್ಲಿ ನಿಗದಿ ಮಾಡುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗಕ್ಕೆ ಬರುತ್ತದೆ. ಮುಚ್ಚುವ ದಿನ ವಿಜಯದಶಮಿಯಂದು ಗೊತ್ತಾಗುತ್ತದೆ, ಅದು ನವೆಂಬರ್‌ನಲ್ಲಿ. ಪಂಚಾಂಗ ನೋಡಿ ನೀವೇ ಲೆಕ್ಕ ಹಾಕಿ ಟಿಕೆಟ್ ಮಾಡಬೇಡಿ, ಘೋಷಣೆಯಾದ ಮೇಲೆ ಮಾಡಿ.

ಮೇ ಮತ್ತು ಜೂನ್ ಮೊದಲ ವಾರಗಳಲ್ಲಿ ಜನಸಂದಣಿ ವಿಪರೀತ. ಜುಲೈ, ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜಾರಿ ರಸ್ತೆ ಕಟ್ಟಿಹೋಗುವುದು ಮಾಮೂಲು. ವಯಸ್ಸಾದವರ ಜೊತೆ ಹೋಗುವವರಿಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಅವಧಿಯೇ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ಹಿಮಶಿಖರಗಳು ಕಾಣುತ್ತವೆ, ಸಾಲು ಚಿಕ್ಕದು. ಚಳಿ ಮಾತ್ರ ಜಾಸ್ತಿ. ಜೋಶಿಮಠದಿಂದ ಮುಂದೆ ಸಿಗುವ ಹೂವಿನ ಕಣಿವೆ (ವ್ಯಾಲಿ ಆಫ್ ಫ್ಲವರ್ಸ್) ನೋಡಲೇಬೇಕೆಂದಿದ್ದರೆ ಮಳೆಗಾಲ ತಪ್ಪಿದ್ದಲ್ಲ, ಏಕೆಂದರೆ ಹೂವು ತುಂಬಿ ನಿಲ್ಲುವುದೇ ಜುಲೈ ನಡುವಿನಿಂದ ಆಗಸ್ಟ್‌ವರೆಗೆ. ಹಾಗೆ ಹೋಗುವವರು ಒಂದಲ್ಲ, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

2. ನೋಂದಣಿ ಮಾಡಿಸಿ

ಚಾರ್‌ಧಾಮ್ ಯಾತ್ರೆಗೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ಬದರಿಗೆ ಮಾತ್ರ ಹೋಗುವವರಿಗೂ ಇದು ಬೇಕು. ಪ್ರವಾಸೋದ್ಯಮ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಅಥವಾ 'ಟೂರಿಸ್ಟ್ ಕೇರ್ ಉತ್ತರಾಖಂಡ್' ಆ್ಯಪ್‌ನಲ್ಲಿ ಮಾಡಬಹುದು. ನೋಂದಣಿಗೆ ಹಣವಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಏಜೆಂಟರದು ಎಂದು ತಿಳಿದು ಹೊರಬನ್ನಿ.

ಬೇಕಾಗುವುದು: ಪ್ರತಿಯೊಬ್ಬರ ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಮೊಬೈಲ್ ಸಂಖ್ಯೆ, ದರ್ಶನದ ದಿನಾಂಕ, ಸ್ವಂತ ವಾಹನವಿದ್ದರೆ ಅದರ ವಿವರ. ನೋಂದಣಿಯಾದ ಮೇಲೆ ಸಿಗುವ ಕ್ಯೂಆರ್ ಕೋಡ್ ಇರುವ ಪತ್ರವನ್ನು ಎರಡು ಪ್ರತಿ ಮುದ್ರಿಸಿ. ದಾರಿಯ ತಪಾಸಣಾ ಠಾಣೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ತೆರೆದು ತೋರಿಸಲು ಆಗುವುದಿಲ್ಲ.

ಇಲ್ಲಿ ಎಡವುವುದು ದಿನಾಂಕದಲ್ಲಿ. ದರ್ಶನದ ದಿನಾಂಕ ಎಂದರೆ ಬದರಿಗೆ ತಲುಪುವ ದಿನವೇ ಹೊರತು ಮನೆಯಿಂದ ಹೊರಡುವ ದಿನವಲ್ಲ. ಹೊರಡುವ ದಿನ ಬರೆದವರನ್ನು ತಪಾಸಣೆಯಲ್ಲಿ ನಿಲ್ಲಿಸಿದ್ದುಂಟು. ಸ್ಥಳದಲ್ಲೇ ನೋಂದಣಿ ಮಾಡುವ ಕೌಂಟರ್‌ಗಳು ಹರಿದ್ವಾರ, ಋಷಿಕೇಶದಲ್ಲಿವೆ. ಜನ ಹೆಚ್ಚಿದ ದಿನ ಅಲ್ಲಿ ಚೀಟಿ ಸಿಗದೆ ಒಂದೆರಡು ದಿನ ಕಾಯಬೇಕಾಗಬಹುದು. ಅದನ್ನು ನಂಬಿ ಹೊರಡಬೇಡಿ.

ಟ್ಯಾಕ್ಸಿ ಅಥವಾ ಟೆಂಪೋ ಟ್ರಾವೆಲರ್ ಗೊತ್ತುಮಾಡುವಾಗ ಚಾಲಕರ ಬಳಿ 'ಗ್ರೀನ್ ಕಾರ್ಡ್' ಇದೆಯೇ ಎಂದು ಕೇಳಿ. ಬೆಟ್ಟದ ರಸ್ತೆಗೆ ವಾಹನ ಯೋಗ್ಯವಾಗಿದೆ ಎಂದು ಸಾರಿಗೆ ಇಲಾಖೆ ಯಾತ್ರಾ ಕಾಲಕ್ಕೆ ಕೊಡುವ ಪ್ರಮಾಣಪತ್ರ ಅದು. ಬಾಡಿಗೆ ವಾಹನಗಳಿಗೆ ಅದಿಲ್ಲದೆ ಮೇಲೆ ಹೋಗಲು ಬಿಡುವುದಿಲ್ಲ.

3. ಋಷಿಕೇಶ ತಲುಪಿ, ಒಂದು ರಾತ್ರಿ ನಿಲ್ಲಿ

ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ದೆಹಲಿಯವರೆಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಅಲ್ಲಿಂದ ಹರಿದ್ವಾರಕ್ಕೆ ನಾಲ್ಕೈದು ಗಂಟೆಯ ಇನ್ನೊಂದು ರೈಲು. ವಿಮಾನದಲ್ಲಾದರೆ ಡೆಹ್ರಾಡೂನ್‌ನ ಜಾಲಿಗ್ರಾಂಟ್ ನಿಲ್ದಾಣ; ಅಲ್ಲಿಂದ ಋಷಿಕೇಶ ಸುಮಾರು 20 ಕಿಲೋಮೀಟರ್. ಋಷಿಕೇಶದಿಂದ ಕರ್ಣಪ್ರಯಾಗದವರೆಗೆ 125 ಕಿಲೋಮೀಟರ್ ರೈಲು ಮಾರ್ಗದ ಕೆಲಸ ನಡೆದಿದೆ. ಅದು ಮುಗಿಯುವವರೆಗೆ ಮುಂದಿನದೆಲ್ಲ ರಸ್ತೆಯೇ.

ಮಧ್ಯಾಹ್ನ ಋಷಿಕೇಶಕ್ಕೆ ಬಂದು ಅಂದೇ ಜೋಶಿಮಠಕ್ಕೆ ಹೊರಡುವ ಆಸೆ ಬೇಡ. ಬೆಟ್ಟದ ರಸ್ತೆಯಲ್ಲಿ ಪ್ರವಾಸಿ ವಾಹನಗಳ ರಾತ್ರಿ ಓಡಾಟಕ್ಕೆ ನಿರ್ಬಂಧವಿದೆ. ಇರದಿದ್ದರೂ ಕತ್ತಲಲ್ಲಿ ಮೇಲಿಂದ ಉರುಳುವ ಕಲ್ಲು ಕಾಣುವುದಿಲ್ಲ.

4. ಋಷಿಕೇಶದಿಂದ ಜೋಶಿಮಠ: 250 ಕಿಲೋಮೀಟರ್, ಪೂರ್ತಿ ಒಂದು ದಿನ

ಬೆಳಿಗ್ಗೆ 5ಕ್ಕೆ ಹೊರಡಿ. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಋಷಿಕೇಶದ ಯಾತ್ರಾ ಬಸ್ ನಿಲ್ದಾಣದಿಂದ ಗಾಡಿಗಳು ಸಿಗುತ್ತವೆ. ಹೊರಡುವುದು ನಸುಕಿನಲ್ಲೇ, ತಡವಾಗಿ ಹೋದರೆ ಆ ದಿನದ ಗಾಡಿ ಸಿಗದು. ಸೀಟನ್ನು ಹಿಂದಿನ ಸಂಜೆಯೇ ಕಾಯ್ದಿರಿಸಿ. ಶೇರ್ ಜೀಪುಗಳಲ್ಲಿ 'ಸವಾರಿ' ಎಂದರೆ ಪ್ರಯಾಣಿಕ. ಹತ್ತು ಸವಾರಿ ತುಂಬಿದ ಮೇಲಷ್ಟೇ ಗಾಡಿ ಹೊರಡುತ್ತದೆ. ಆತುರವಿದ್ದರೆ ಉಳಿದ ಸೀಟುಗಳ ಬಾಡಿಗೆಯನ್ನೂ ಕೊಟ್ಟು ಹೊರಡಿಸಬಹುದು.

ದಾರಿಯ ಅಂದಾಜು ದೂರ ಹೀಗಿದೆ, ಋಷಿಕೇಶದಿಂದ ಎಣಿಸಿದರೆ: ದೇವಪ್ರಯಾಗ 70 ಕಿಲೋಮೀಟರ್, ಶ್ರೀನಗರ 105, ರುದ್ರಪ್ರಯಾಗ 140, ಕರ್ಣಪ್ರಯಾಗ 172, ನಂದಪ್ರಯಾಗ 190, ಚಮೋಲಿ 200, ಪೀಪಲ್‌ಕೋಟಿ 217, ಆಮೇಲೆ ಹೆಲಂಗ್ ದಾಟಿ ಜೋಶಿಮಠ. ಈ ಶ್ರೀನಗರ ಕಾಶ್ಮೀರದ್ದಲ್ಲ, ಗಢವಾಲದ್ದು. ಹೋಟೆಲ್ ಕಾಯ್ದಿರಿಸುವಾಗ ಗಮನಿಸಿ. ಪಂಚಪ್ರಯಾಗಗಳಲ್ಲಿ ನಾಲ್ಕು ಈ ದಾರಿಯಲ್ಲೇ ಸಿಗುತ್ತವೆ. ಎಲ್ಲೆಡೆ ಇಳಿದು ಸ್ನಾನ ಮಾಡುತ್ತ ಹೋದರೆ ಕತ್ತಲಾಗುತ್ತದೆ. ಮೇಲೆ ಹೋಗುವಾಗ ದೇವಪ್ರಯಾಗ ಒಂದನ್ನು ನೋಡಿ. ಕೆಸರು ಬಣ್ಣದ ನೀರೂ ಹಸಿರು ನೀರೂ ಅಕ್ಕಪಕ್ಕ ಹರಿದು, ಭಾಗೀರಥಿ ಮತ್ತು ಅಲಕನಂದಾ ಕೂಡಿ ಗಂಗೆ ಎಂಬ ಹೆಸರು ಪಡೆಯುವ ಜಾಗ ರಸ್ತೆಯಿಂದಲೇ ಕಾಣುತ್ತದೆ. ಉಳಿದವನ್ನು ಇಳಿಯುವಾಗ ನೋಡಬಹುದು.

ತಡವಾಗುವ ಜಾಗಗಳು ಗೊತ್ತಿರಲಿ. ಶ್ರೀನಗರ ಮತ್ತು ರುದ್ರಪ್ರಯಾಗದ ನಡುವಿನ ಸಿರೋಬಗಡ್, ಪೀಪಲ್‌ಕೋಟಿ ಕಡೆಯ ಪಾಗಲ್ ನಾಲಾ, ಜೋಶಿಮಠ ದಾಟಿದ ಮೇಲೆ ಲಾಂಬಗಡ್. ಇವನ್ನು ಸ್ಥಳೀಯರು 'ಸ್ಲೈಡಿಂಗ್ ಜೋನ್' ಎನ್ನುತ್ತಾರೆ, ಅಂದರೆ ಮಳೆ ಬಂದಾಗಲೆಲ್ಲ ಗುಡ್ಡ ಜಾರುವ ತಾಣ. ರಸ್ತೆ ಕಟ್ಟಿದಾಗ ಜೆಸಿಬಿ ಬಂದು ಮಣ್ಣು ಸರಿಸುವವರೆಗೆ ವಾಹನಗಳು ನಿಲ್ಲುತ್ತವೆ. ಒಂದು ಗಂಟೆಯೂ ಆಗಬಹುದು, ಒಂದು ದಿನವೂ ಆಗಬಹುದು. ಆಗ ಗಾಡಿಯಿಂದ ಇಳಿದು ಮಣ್ಣಿನ ಗುಡ್ಡೆಯ ಹತ್ತಿರ ಫೋಟೊ ತೆಗೆಯಲು ಹೋಗಬೇಡಿ. ಮೊದಲ ಜಾರಿಕೆಯ ಹಿಂದೆಯೇ ಎರಡನೆಯದು ಬರುವುದು ಸಾಮಾನ್ಯ. ಮೇಲೆ ಸಡಿಲವಾಗಿ ನಿಂತ ಕಲ್ಲು ಕೆಳಗಿನ ಆಧಾರ ಹೋದಾಗ ಕಳಚುತ್ತದೆ. ಸಣ್ಣ ಕಲ್ಲುಗಳು ಪಟಪಟನೆ ಉದುರುತ್ತಿದ್ದರೆ ಅದು ಎಚ್ಚರಿಕೆ, ಹಿಂದೆ ಸರಿಯಿರಿ.

ತಿರುವುಗಳಿಗೆ ಹೊಟ್ಟೆ ತೊಳಸುವವರು ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡು ಗಾಡಿಯ ಮುಂಭಾಗದಲ್ಲಿ ಕೂರಿ. ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಕರ್ನಾಟಕದ ಸ್ವಂತ ಕಾರಿನಲ್ಲಿ ಬರುವವರಿಗೆ ಎರಡು ಮಾತು: ಇಳಿಜಾರಿನಲ್ಲಿ ಬರೀ ಬ್ರೇಕ್ ಒತ್ತುತ್ತ ಬಂದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಎರಡನೇ ಗೇರಿನಲ್ಲಿ ಇಳಿಯಿರಿ, ಕಿರಿದಾದ ಕಡೆ ಏರುವ ವಾಹನಕ್ಕೆ ದಾರಿ ಬಿಡಿ.

5. ಕೋಣೆ ಆರಿಸುವುದು ಹೇಗೆ

2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆಗಳ ಗೋಡೆ, ನೆಲ ಬಿರುಕು ಬಿಟ್ಟವು. ಕುಟುಂಬಗಳನ್ನು ತೆರವು ಮಾಡಿಸಿದರು, ಒಂದರ ಮೇಲೊಂದು ವಾಲಿದ ಎರಡು ಹೋಟೆಲ್‌ಗಳನ್ನು ಕೆಡವಿದರು. ಇದು ಒಂದೇ ದಿನದಲ್ಲಿ ಆದದ್ದಲ್ಲ. ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ. ಹಳೆಯ ಭೂಕುಸಿತದಲ್ಲಿ ಬಂದು ನಿಂತ ಮಣ್ಣು, ಮರಳು, ಬಂಡೆಗಳ ರಾಶಿಯ ಮೇಲೆ. 1976ರಲ್ಲೇ ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ ಇದನ್ನು ಬರೆದುಕೊಟ್ಟಿತ್ತು: ಭಾರಿ ಕಟ್ಟಡ ಬೇಡ, ಇಳಿಜಾರಿನ ಬಂಡೆಗಳನ್ನು ಕೀಳಬೇಡಿ, ನೀರು ಇಂಗದಂತೆ ಚರಂಡಿ ಮಾಡಿ. ಆ ಮಾತನ್ನು ಕೇಳದೆ ಹೋದದ್ದರ ಬೆಲೆಯನ್ನು ಊರಿನ ಜನ ತೆರುತ್ತಿದ್ದಾರೆ.

ಹಾಗಾದರೆ ಉಳಿಯಬಹುದೇ? ಉಳಿಯಬಹುದು. ಊರು ಖಾಲಿಯಾಗಿಲ್ಲ, ಪೇಟೆ ನಡೆಯುತ್ತಿದೆ, ಯಾತ್ರಿಕರಿಂದಲೇ ಅವರ ಜೀವನ. ಆದರೆ ಕೋಣೆಯನ್ನು ನೋಡಿ ಆರಿಸಿ. ಹೆಚ್ಚು ಹಾನಿಯಾದ ಕಡೆಗಳು ಸಿಂಗ್‌ಧಾರ್, ಮನೋಹರ್‌ಬಾಗ್, ಗಾಂಧಿನಗರ, ಸುನೀಲ್, ಮಾರವಾಡಿ ವಾರ್ಡುಗಳು. ಕಾಯ್ದಿರಿಸುವ ಮೊದಲು ಹೋಟೆಲ್ ಯಾವ ವಾರ್ಡಿನಲ್ಲಿದೆ, ಎಷ್ಟು ಮಹಡಿ ಎಂದು ಫೋನಿನಲ್ಲಿ ಕೇಳಿ. ಎರಡು ಮಹಡಿ ಮೀರದ ಕಟ್ಟಡವೇ ಸರಿ. ತಲುಪಿದ ಮೇಲೆ ಬಾಗಿಲ ಚೌಕಟ್ಟಿನ ಮೇಲಿನ ಮೂಲೆ ನೋಡಿ: ಅಲ್ಲಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು, ಅದೂ ಬೆರಳು ತೂರುವಷ್ಟು ಅಗಲವಿದ್ದರೆ, ಅಥವಾ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಪೂರ್ತಿ ಮುಚ್ಚದಿದ್ದರೆ, ಬೇರೆ ಕಡೆ ಹೋಗಿ. ಸುಣ್ಣದ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದ ಗುಣಾಕಾರದ ಗುರುತು ಕಂಡರೆ ಅದು ವಾಸಕ್ಕೆ ಯೋಗ್ಯವಲ್ಲ ಎಂದು ಆಡಳಿತ ಹಾಕಿದ್ದು.

ಗಢವಾಲ್ ಮಂಡಲ್ ವಿಕಾಸ್ ನಿಗಮದ ಅತಿಥಿಗೃಹ ಇಲ್ಲಿದೆ. ಸರ್ಕಾರಿ ಸಂಸ್ಥೆಯಾದ್ದರಿಂದ ದರ ಮೊದಲೇ ಗೊತ್ತಿರುತ್ತದೆ. ಇನ್ನೊಂದು ಮಾತು, ಊರಿನ ಹಿತಕ್ಕೆ: ನಲ್ಲಿ ಸೋರುತ್ತಿದ್ದರೆ ಹೇಳಿ ಸರಿಮಾಡಿಸಿ, ಬಿಸಿನೀರು ಬರಲೆಂದು ಹತ್ತು ನಿಮಿಷ ತಣ್ಣೀರು ಹರಿಬಿಡಬೇಡಿ, ಬಕೆಟ್ ಬಿಸಿನೀರು ಕೇಳಿ ಸ್ನಾನ ಮಾಡಿ. ಇಲ್ಲಿನ ಮಣ್ಣಿಗೆ ಇಂಗುವ ನೀರೇ ದೊಡ್ಡ ಶತ್ರು.

6. ಊರಿನಲ್ಲೇ ಒಂದು ದಿನ

ಎರಡನೇ ದಿನ ಎಲ್ಲಿಗೂ ಗಾಡಿ ಹತ್ತದೆ ನಡೆದಾಡಿ. ಎತ್ತರಕ್ಕೆ ದೇಹ ಹೊಂದಿಕೊಳ್ಳುವುದು ಹೀಗೆ. ನೋಡಲು ಬೇಕಾದಷ್ಟಿದೆ.

ಕೆಳಪೇಟೆಯಲ್ಲಿರುವ ನರಸಿಂಹ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ಕುಳಿತ ಭಂಗಿಯ ಸಣ್ಣ ಸಾಲಿಗ್ರಾಮ ಮೂರ್ತಿ. ಅದರ ಎಡಗೈ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ ಎಂಬ ನಂಬಿಕೆ. ಆ ಕೈ ಕಳಚಿದ ದಿನ ಜಯ-ವಿಜಯ ಪರ್ವತಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚುತ್ತದೆ, ಆಮೇಲೆ ಪೂಜೆ ತಪೋವನದ ಹತ್ತಿರದ ಭವಿಷ್ಯ ಬದರಿಯಲ್ಲಿ ಎನ್ನುತ್ತಾರೆ. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿದಾಗ ಆದಿ ಶಂಕರರ ಗದ್ದುಗೆ ಬಂದು ನೆಲೆಸುವುದು ಇಲ್ಲಿಯೇ.

ಅಲ್ಲಿಂದ ಏರಿ ಹೋದರೆ ಜ್ಯೋತಿರ್ಮಠ. ಶಂಕರರು ಸ್ಥಾಪಿಸಿದ ನಾಲ್ಕು ಆಮ್ನಾಯ ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಇದು. ತೋಟಕಾಚಾರ್ಯರು ಇದರ ಮೊದಲ ಪೀಠಾಧಿಪತಿ ಎಂಬುದು ಪರಂಪರೆ. 2024ರಲ್ಲಿ ತಾಲ್ಲೂಕಿನ ಹೆಸರನ್ನೂ ಜ್ಯೋತಿರ್ಮಠ ಎಂದು ಬದಲಿಸಿದ್ದಾರೆ, ಹಾಗಾಗಿ ನಕ್ಷೆ, ಫಲಕಗಳಲ್ಲಿ ಎರಡೂ ಹೆಸರು ಕಂಡರೆ ಗೊಂದಲಪಡಬೇಡಿ. ಪಕ್ಕದಲ್ಲೇ ಕಲ್ಪವೃಕ್ಷವೆಂದು ಪೂಜೆಗೊಳ್ಳುವ ಹಳೆಯ ಮರ. ಅದು ಹಿಪ್ಪುನೇರಳೆ ಜಾತಿಯದು. ಅದರ ಬುಡ ಸುತ್ತಿ ನೋಡಲು ಸಾವಕಾಶ ಬೇಕು.

ಊಟಕ್ಕೆ ಅನ್ನವೇ ಬೇಕೆನ್ನುವವರಿಗೆ ರಾಜ್ಮಾ-ಚಾವಲ್ ಎಲ್ಲ ಢಾಬಾಗಳಲ್ಲೂ ಸಿಗುತ್ತದೆ. ಆದರೆ 'ಮಂಡುವೆ ಕೀ ರೋಟಿ' ಇದೆಯೇ ಎಂದು ಕೇಳಿ ನೋಡಿ. ಮಂಡುವಾ ಎಂದರೆ ನಮ್ಮ ರಾಗಿ. ಜೊತೆಗೆ ಕೊಡುವ 'ಗಹತ್' ಬೇಳೆ ನಮ್ಮ ಹುರುಳಿ. ಚಳಿಯಲ್ಲಿ ಇದಕ್ಕಿಂತ ಹಿತವಾದ ಊಟವಿಲ್ಲ.

ಸಂಜೆಗೆ ಮೂರು ಕೆಲಸ: ಎಟಿಎಂನಿಂದ ನಗದು ತೆಗೆಯಿರಿ, ವಾಹನಕ್ಕೆ ಇಂಧನ ತುಂಬಿಸಿ, ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳು ಐದು ದಿನಕ್ಕಾಗುವಷ್ಟು ಇವೆಯೇ ನೋಡಿ. ಮೂರೂ ಮೇಲೆ ಸಿಗುವ ಭರವಸೆಯಿಲ್ಲ.

7. ಬದರಿನಾಥಕ್ಕೆ

ಬೆಳಿಗ್ಗೆ 6ರೊಳಗೆ ಹೊರಡಿ. ರಸ್ತೆ ಮೊದಲು ವಿಷ್ಣುಪ್ರಯಾಗಕ್ಕೆ ಇಳಿಯುತ್ತದೆ. ಧೌಲಿಗಂಗಾ ಅಲಕನಂದೆಯನ್ನು ಸೇರುವ ಈ ಸಂಗಮದಲ್ಲಿ ಸೆಳೆತ ಭಯಂಕರ, ನೀರಿಗಿಳಿಯದೆ ಪ್ರೋಕ್ಷಣೆ ಮಾಡಿಕೊಳ್ಳಿ. ಮುಂದೆ ಗೋವಿಂದಘಾಟ್, ಪಾಂಡುಕೇಶ್ವರ, ಹನುಮಾನ್ ಚಟ್ಟಿ. ಜನ ಹೆಚ್ಚಿದ ದಿನ ಅಥವಾ ರಸ್ತೆ ಕೆಟ್ಟ ದಿನ ಪೊಲೀಸರು ವಾಹನಗಳನ್ನು ತಡೆದು ಗುಂಪುಗುಂಪಾಗಿ ಬಿಡುತ್ತಾರೆ.

ಮೇಲೆ ತಲುಪಿದ ಕೂಡಲೇ ಓಡಾಡಬೇಡಿ. ಒಂದು ಗಂಟೆ ಕೂತು, ಬಿಸಿ ಏನಾದರೂ ಕುಡಿದು, ಆಮೇಲೆ ತಪ್ತಕುಂಡಕ್ಕೆ ಹೋಗಿ. ಅಲ್ಲಿನ ನೀರು ಸಹಜವಾಗಿಯೇ ಬಿಸಿ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಮುಳುಗಿ ಕೂರದೆ ಚೊಂಬಿನಲ್ಲಿ ಮಿಂದು ಎದ್ದುಬಿಡಿ. ಬಿಸಿನೀರಿನಿಂದ ಕೊರೆವ ಗಾಳಿಗೆ ದಿಢೀರನೆ ಬಂದಾಗ ತಲೆಸುತ್ತು ಬರುತ್ತದೆ. ಒಣ ಟವೆಲ್, ಟೋಪಿ ಕೈಗೆಟಕುವಂತಿರಲಿ.

ದೇವಸ್ಥಾನ ನಸುಕಿನಲ್ಲಿ ತೆರೆದು ಮಧ್ಯಾಹ್ನ ಕೆಲವು ಗಂಟೆ ಮುಚ್ಚಿ ಮತ್ತೆ ತೆರೆಯುತ್ತದೆ. ಮಧ್ಯಾಹ್ನ 12ಕ್ಕೆ ಸಾಲಿಗೆ ನಿಂತವರು ಬಾಗಿಲು ಹಾಕಿದ ಮೇಲೆ ಚಳಿಯಲ್ಲಿ ಕಾಯುತ್ತಾರೆ. ವಿಶೇಷ ಪೂಜೆಗಳನ್ನು ಬದರಿನಾಥ-ಕೇದಾರನಾಥ ಮಂದಿರ ಸಮಿತಿಯಲ್ಲಿ ಮೊದಲೇ ಕಾಯ್ದಿರಿಸಿ, ಮಧ್ಯವರ್ತಿಗಳ ಕೈಗೆ ಹಣ ಕೊಡಬೇಡಿ. ದೇವಸ್ಥಾನದ ಹತ್ತಿರ ನದಿ ದಂಡೆಯ ಬ್ರಹ್ಮಕಪಾಲದಲ್ಲಿ ಪಿಂಡಪ್ರದಾನ ಮಾಡುವವರು ದಕ್ಷಿಣೆ ಎಷ್ಟು, ಸಾಮಗ್ರಿ ಅದರಲ್ಲೇ ಸೇರಿದೆಯೇ ಎಂಬುದನ್ನು ಸಂಕಲ್ಪಕ್ಕೆ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಿ. ಪಿತೃಗಳ ಹೆಸರು, ಗೋತ್ರ ಚೀಟಿಯಲ್ಲಿ ಬರೆದು ತಂದಿರಿ.

3 ಕಿಲೋಮೀಟರ್ ಮುಂದೆ ಮಾಣಾ ಗ್ರಾಮ. ವ್ಯಾಸ ಗುಹೆ, ಗಣೇಶ ಗುಹೆ, ಭೀಮ ಪುಲ್ ಇಲ್ಲಿವೆ. ಮಧ್ವಾಚಾರ್ಯರು ವ್ಯಾಸರ ದರ್ಶನಕ್ಕೆ ಬದರಿಗೆ ಬಂದರೆಂಬ ಪರಂಪರೆಯಿಂದಾಗಿ ಮಾಧ್ವ ಯಾತ್ರಿಕರಿಗೆ ಇದು ಬಹಳ ಮುಖ್ಯ. ಮೆಟ್ಟಿಲು ಕಡಿದಾಗಿವೆ, ಮಂಡಿ ನೋವಿನವರಿಗೆ ಕೋಲು ಬೇಕು.

ವಯಸ್ಸಾದವರ ಬಗ್ಗೆ ನೇರ ಉತ್ತರ: ಹೊರಡುವ ಮುನ್ನ ವೈದ್ಯರು ಒಪ್ಪಿದ್ದರೆ, ಜೋಶಿಮಠದಲ್ಲಿ ಎರಡು ರಾತ್ರಿ ಕಳೆದಿದ್ದರೆ ಕರೆದೊಯ್ಯಿರಿ. ಬೆಳಿಗ್ಗೆ ಹೋಗಿ ಸಂಜೆ ಜೋಶಿಮಠಕ್ಕೆ ಇಳಿಸಿಬಿಡಿ, ಮೇಲೆ ರಾತ್ರಿ ಉಳಿಸಬೇಡಿ. ಉಸಿರಿನ ತೊಂದರೆ ಹೆಚ್ಚುವುದು ಮಲಗಿದಾಗ. ತಲೆನೋವು, ಓಕರಿಕೆ, ಊಟ ಬೇಡವೆನಿಸುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣ, ವಿಶ್ರಾಂತಿ ಸಾಕು. ಕೂತಲ್ಲೇ ಏದುಸಿರು, ನಡೆದರೆ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ದರ್ಶನವಾಗಿರಲಿ ಬಿಡಲಿ ತಕ್ಷಣ ಕೆಳಗಿಳಿಸಿ. ಆಮ್ಲಜನಕದ ಡಬ್ಬಿ ಇಳಿಯುವ ತನಕದ ಆಸರೆ ಅಷ್ಟೇ, ಚಿಕಿತ್ಸೆಯಲ್ಲ.

8. ಹೆಚ್ಚು ದಿನವಿದ್ದರೆ

ಔಲಿ ಜೋಶಿಮಠದಿಂದ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಜನವರಿ, ಫೆಬ್ರವರಿಯಲ್ಲಿ ಹಿಮದ ಮೇಲೆ ಸ್ಕೀಯಿಂಗ್, ಉಳಿದ ಕಾಲದಲ್ಲಿ ನಂದಾದೇವಿಯ ನೋಟ. ಜೋಶಿಮಠದಿಂದ ಔಲಿಗೆ ಹೋಗುವ ರೋಪ್‌ವೇಯನ್ನು 2023ರ ಜನವರಿಯಲ್ಲಿ ಭೂಕುಸಿತದ ಕಾರಣಕ್ಕೆ ನಿಲ್ಲಿಸಿದರು. ಪ್ಯಾಕೇಜ್ ಪಟ್ಟಿಯಲ್ಲಿ 'ರೋಪ್‌ವೇ ಸೇರಿದೆ' ಎಂದಿದ್ದರೆ ಅದು ಓಡುತ್ತಿದೆಯೇ ಎಂದು ಗಢವಾಲ್ ಮಂಡಲ್ ವಿಕಾಸ್ ನಿಗಮದ ಕಚೇರಿಯಲ್ಲಿ ವಿಚಾರಿಸದೆ ಹಣ ಕಟ್ಟಬೇಡಿ. ಔಲಿಯ ಮೇಲೆ ಸುಮಾರು 3 ಕಿಲೋಮೀಟರ್ ನಡೆದರೆ ಗೋರ್ಸೋ ಬುಗ್ಯಾಲ್. ಬುಗ್ಯಾಲ್ ಎಂದರೆ ಮರಗಳ ಗೆರೆ ಮುಗಿದ ಮೇಲೆ ಸಿಗುವ ಹುಲ್ಲುಗಾವಲು.

ಹೂವಿನ ಕಣಿವೆಗೆ ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪು, ಅಲ್ಲಿಂದ ಘಾಂಘರಿಯಾಗೆ 10 ಕಿಲೋಮೀಟರ್ ನಡಿಗೆ ಅಥವಾ ಹೇಸರಗತ್ತೆ. ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ, ಒಳಗೆ ತಂಗುವಂತಿಲ್ಲ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಹೊರಬರಬೇಕು. ಘಾಂಘರಿಯಾದಿಂದಲೇ ಏರಿ ಹೋಗುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ ಸಾಹಿಬ್‌ನ ಎತ್ತರ 4,300 ಮೀಟರ್ ದಾಟುತ್ತದೆ. ಬದರಿಯಲ್ಲಿ ತಲೆನೋವು ಬಂದವರು ಈ ಬಾರಿ ಬಿಟ್ಟುಬಿಡಿ.

9. ಇಳಿಯುವಾಗ

ಬದರಿಯಿಂದ ಒಂದೇ ದಿನದಲ್ಲಿ ಋಷಿಕೇಶಕ್ಕೆ ಇಳಿಯುವ ಯೋಜನೆ ಕಾಗದದ ಮೇಲೆ ಸರಿಹೋಗುತ್ತದೆ, ರಸ್ತೆಯಲ್ಲಿ ಅಲ್ಲ. ಜೋಶಿಮಠದಲ್ಲಿ ಮಲಗಿ ಬೆಳಿಗ್ಗೆ 5ಕ್ಕೆ ಹೊರಡಿ. ವಿಮಾನದಲ್ಲಿ ಬರುವ ಬೆಂಗಳೂರಿನವರಿಗೆ ಒಟ್ಟು ಎಂಟು ದಿನ ಹೀಗೆ ಹಂಚಬಹುದು: ಮೊದಲ ದಿನ ಋಷಿಕೇಶ, ಎರಡನೇ ದಿನ ಜೋಶಿಮಠ, ಮೂರು ಊರಿನಲ್ಲೇ, ನಾಲ್ಕು ಬದರಿ, ಐದು ಮಾಣಾ ನೋಡಿ ಜೋಶಿಮಠಕ್ಕೆ (ವಯಸ್ಸಾದವರಿದ್ದರೆ ನಾಲ್ಕನೇ ದಿನ ಸಂಜೆಯೇ ಇಳಿಯಿರಿ), ಆರು ಔಲಿ ಅಥವಾ ರಸ್ತೆ ಬಂದ್ ಆದರೆ ಇರಲಿ ಎಂದು ಇಟ್ಟ ದಿನ, ಏಳು ಋಷಿಕೇಶ, ಎಂಟು ವಿಮಾನ. ರೈಲಿನವರು ಇದಕ್ಕೆ ಐದು ದಿನ ಸೇರಿಸಿ.

ಆರನೇ ದಿನವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ರಸ್ತೆ ತೆರೆದಿದೆಯೇ ಎಂದು ಹಿಂದಿನ ರಾತ್ರಿ ಹೋಟೆಲ್‌ನವರನ್ನೂ, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕೆಳಗಿನಿಂದ ಬಂದ ಚಾಲಕರನ್ನೂ ಕೇಳಿ. ಚಮೋಲಿ ಪೊಲೀಸರು ಸಾಮಾಜಿಕ ಜಾಲತಾಣದಲ್ಲಿ ರಸ್ತೆಯ ಸ್ಥಿತಿಯನ್ನು ಪ್ರಕಟಿಸುತ್ತಾರೆ, ಅದನ್ನೂ ನೋಡಿ. ಕಟ್ಟಿದೆ ಎಂದು ಗೊತ್ತಾದರೆ ಹೊರಟು ದಾರಿಯ ಸಾಲಿನಲ್ಲಿ ಕೂರುವ ಬದಲು ಕೋಣೆಯನ್ನು ಇನ್ನೊಂದು ರಾತ್ರಿಗೆ ಮುಂದುವರಿಸಿ. ಬಿಟ್ಟುಕೊಟ್ಟ ಕೋಣೆ ಅಂಥ ದಿನ ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಿಗುವುದಿಲ್ಲ.